ಕಲ್ಪಿತ ಊರು ಒಂಬತ್ತೂರು, ಅಸಲಿ ಊರು ವಿಜಯಪುರ: ಕಿರುಕಾದಂಬರಿಯ ಕೈಪಿಡಿಯಲ್ಲಿ ಏನಿರಬೇಕು?

ಪುಟಗಟ್ಟು ಕೇಳಿದ್ದು:

112 ಪುಟದ ಫ್ಯಾಂಟಸಿ ಕಿರುಕಾದಂಬರಿಯೊಂದು ಅಚ್ಚಿಗೆ ಹೊರಟಿದೆ. ಕಥೆ ನಡೆಯುವುದು ‘ಒಂಬತ್ತೂರು’ ಎಂಬ ಇಲ್ಲದ ಊರಿನಲ್ಲಿ. ಮಾದರಿ ಮಾತ್ರ ಆದಿಲ್‌ಶಾಹಿ ಕಾಲದ ವಿಜಯಪುರ. ಜೊತೆಗೆ 48 ಪುಟದ ಕೈಪಿಡಿ ಬರಬೇಕು. ಅದರಲ್ಲಿ ನಕಾಶೆ, ನೀರಿನ ವ್ಯವಸ್ಥೆ, ನಾಣ್ಯ, ಪದಕೋಶ, ಅಸಲಿ ಊರಿನಲ್ಲಿ ಯಾವುದು ಎಲ್ಲಿದೆ ಎಂಬ ವಿವರ.

ಕಥೆಯ ಎಲುಬು ಇಷ್ಟು. ನೀರಗಂಟಿಯ ಮಗಳೊಬ್ಬಳಿಗೆ ಮಣ್ಣಿನ ಕೊಳವೆಗಳೊಳಗೆ ಸತ್ತವರ ಮಾತು ಕೇಳಿಸುತ್ತದೆ. ಮಾತುಗಳೆಲ್ಲ ಹೋಗಿ ಸೇರುವುದು ದೊಡ್ಡ ಗುಮ್ಮಟಕ್ಕೆ. ಆಳುವವನು ಸಂಗೀತದ ಹುಚ್ಚಿನ, ಒಂಬತ್ತು ಎಂಬ ಅಂಕೆಗೆ ಮರುಳಾದ ಸುಲ್ತಾನ, ಅಂದರೆ ಎರಡನೇ ಇಬ್ರಾಹಿಂನ ನೆರಳು. ಕೊನೆಯಲ್ಲಿ ಹುಡುಗಿ ನೀರಿನ ಗೋಪುರವೊಂದರ ಬಾಯಿ ಮುಚ್ಚುತ್ತಾಳೆ, ಮುಚ್ಚಿದ ಕ್ಷಣವೇ ಗೋಪುರದ ಬುಡ ಸಿಡಿಯುತ್ತದೆ.

ಗೊತ್ತಿದ್ದವರು ಹೇಳಬೇಕು:
ಒಂದು, ಗೋಪುರ ಮುಚ್ಚಿದರೆ ನಿಜಕ್ಕೂ ಹಾಗೆ ಸಿಡಿಯುತ್ತದೆಯೇ?
ಎರಡು, ನಕಾಶೆ ಅಸಲಿ ಊರಿಗೆ ಎಷ್ಟು ಹೊಂದಬೇಕು? ಕಥೆಯಲ್ಲಿ ಬೆಣಚುಕಲ್ಲಿನ (ಗ್ರಾನೈಟ್) ಕೋಟೆ, ಐದು ಅಗಸಿ (ಊರಬಾಗಿಲು).
ಮೂರು, ಗೈಡುಗಳು ಹೇಳುವ ಕಥೆಗಳನ್ನು ಕೈಪಿಡಿಗೆ ಹಾಕಬಹುದೇ?
ನಾಲ್ಕು, ನಕಾಶೆಯನ್ನು ಎದುರುಬದುರು ಎರಡು ಪುಟಕ್ಕೆ ಹರಡಿದರೆ ನಡುಭಾಗ ಹೊಲಿಗೆಯಲ್ಲಿ ಮುಚ್ಚಿಹೋಗುತ್ತದೆ ಎನ್ನುತ್ತಾರೆ. ದಾರಿ ಏನು?

ಬಾವಡಿಕಟ್ಟಿ:

ನೀರಿಂದಷ್ಟ ಹೇಳ್ತೀನಿ, ಉಳಿದದ್ದು ಬ್ಯಾರೆಯವ್ರು ಹೇಳ್ಲಿ.

ಬಾಯಿ ಮುಚ್ಚಿದ್ರ ಬುಡ ಸಿಡಿಯೂದಿಲ್ರಿ. ಸಿಡಿಯಬಾರದು ಅಂತನ ಆ ಗೋಪುರ ಕಟ್ಟಿದ್ದು. ವಿಜಯಪುರದಾಗ ಅದಕ್ಕ ಗಂಜ್ ಅಂತಾರ. ಊರ ದಕ್ಷಿಣಕ್ಕಿರೂ ಬೇಗಂ ತಲಾಬದಿಂದ ನೀರು ಬರ್ತಿದ್ದದ್ದು ಸುಟ್ಟ ಮಣ್ಣಿನ ಕೊಳವಿಯೊಳಗ. ನೆಲದಿಂದ 15 ಅಡಿಯಿಂದ 50 ಅಡಿ ಆಳದಾಗ ಕೊಳವಿಗೆ ಕೊಳವಿ ಜೋಡ್ಸಿ, ಸುತ್ತ ಗಚ್ಚು-ಕಲ್ಲಿನ ಕವಚ ಹಾಕ್ಯಾರ. ದಾರಿಯುದ್ದಕ್ಕ 25ರಿಂದ 40 ಅಡಿ ಎತ್ತರದ ಗಂಜ್ ನಿಲ್ಲಿಸ್ಯಾರ. ಕೊಳವಿ ನೀರು ಗಂಜಿನೊಳಗ ಮ್ಯಾಲೇರತೈತಿ, ಗಾಳಿ ಕುಡಿತೈತಿ, ಮತ್ತ ಇಳಿದು ಮುಂದಿನ ಕೊಳವಿ ಹಿಡಿತೈತಿ. ಇದ್ರಿಂದ ಒತ್ತಡ ಒಂದೊಂದ ಗಂಜಿಗೆ ಮುರೀತೈತಿ, ಕೊಳವಿಯೊಳಗ ಸಿಕ್ಕ ಗಾಳಿ ಹೊರಗ ಹೋಗತೈತಿ, ಕಸ-ರಾಡಿ ಗಂಜಿನ ತಳಕ್ಕ ಕೂಡತೈತಿ. ತಳದ ರಾಡಿ ಆಗಾಗ ತಗೀಲಿಲ್ಲಂದ್ರ ಅದ ಮುಂದಿನ ಕೊಳವಿಗೆ ಇಳಿದು ಕೂಡತೈತಿ. ನಿಮ್ಮ ನೀರಗಂಟಿಗೆ ನಿತ್ಯದ ಕೆಲಸ ಅಂದ್ರ ಇದು.

ಈಗ ನಿಮ್ಮ ಹುಡುಗಿ. ಗಂಜಿನ ಮ್ಯಾಲಿನ ಬಾಯಿಗೆ ಕಲ್ಲು ಮುಚ್ಚಿದ್ಲು ಅನ್ರಿ, ಏನೂ ಆಗೂದಿಲ್ಲ, ನೀರು ಕೆಳಗಿಂದ ಮುಂದ ಹೋಗತೈತಿ. ಹೊರಹೋಗೂ ಕೊಳವಿ ಮುಚ್ಚಿದ್ಲು ಅನ್ರಿ, ಗಂಜ್ ತುಂಬಿ ಮ್ಯಾಲಿಂದ ತುಳಕತೈತಿ, ಓಣ್ಯಾಗ ಹೆಣ್ಮಕ್ಕಳು ಕೊಡ ಹಿಡ್ಕೊಂಡು ಓಡಿ ಬರ್ತಾರ. ಅಷ್ಟ.

ಒಡೀಬೇಕಂದ್ರ ಆಕಿ ಮುಚ್ಚಬೇಕಾದ್ದು *ಒಳಬರೂ* ಕೊಳವಿ, ಅದೂ ಥಟ್ಟನ. ನಿಧಾನ ಮುಚ್ಚಿದ್ರ ನೀರು ಹಿಂದಕ್ಕ ನಿಂತು ಹಿಂದಿನ ಗಂಜಿನ ಬಾಯಾಗ ತುಳಕತೈತಿ. ಥಟ್ಟನ ಮುಚ್ಚಿದ್ರ, ಹರಿಯೂ ನೀರಿನ ವೇಗ ಎಲ್ಲಾ ಹೊಡತ ಆಗತೈತಿ. ಸೆಕೆಂಡಿಗೆ 30 ಸೆಂ.ಮೀ. ಹರಿಯೂ ನೀರನ್ನ ಒಂದ ಏಟಿಗೆ ನಿಲ್ಲಿಸಿದ್ರ ಬೀಳೂ ಹೊಡತ ಸುಮಾರು 20ರಿಂದ 30 ಮೀಟರ್ ಎತ್ತರದ ನೀರಿನ ಭಾರಕ್ಕ ಸಮ. ಅದ್ರ ಮ್ಯಾಲ ನಿಂತ ನೀರಿನ ಭಾರ ಬ್ಯಾರೆ. ಲೆಕ್ಕ ಹಿಂಗ: ಹಿಂದಿನ ಗಂಜ್ 40 ಅಡಿ, ಕೊಳವಿ ಆಳ 20 ಅಡಿ ಅಂದ್ರ 60 ಅಡಿ, ಅಂದ್ರ 18 ಮೀಟರ್. ಹತ್ತು ಮೀಟರಿಗೆ ಚದರ ಸೆಂ.ಮೀ.ಗೆ ಒಂದು ಕೆ.ಜಿ. ಹಿಡೀರಿ, ನಿಂತ ಒತ್ತಡ 1.8 ಕೆ.ಜಿ., ಹೊಡತ ಕೂಡಿದ್ರ 4ರ ಹತ್ರ. ಮಣ್ಣಿನ ಕೊಳವಿ ಮೈಗಿಂತ ಮೊದಲ ಅದ್ರ ಜೋಡು ಬಿಡತೈತಿ. ಅದೂ ಗಂಜಿನ ಬುಡದಾಗ ಅಲ್ಲ, ಎರಡು ಗಂಜಿನ ನಡುವ ಕೊಳವಿ ಎಲ್ಲಿ ಎಲ್ಲಾಕ್ಕಿಂತ ತಗ್ಗಿಗೆ ಇಳಿದೈತಿ ಅಲ್ಲಿ.

ಇನ್ನೊಂದು, ಅದು ಸಿನಿಮಾದಾಗಿನ ಕಾರಂಜಿ ಆಗೂದಿಲ್ಲ. ಸುತ್ತ ಕವಚ ಐತಿ, ಮ್ಯಾಲ 20 ಅಡಿ ಮಣ್ಣೈತಿ. ಎರಿ ಭೂಮ್ಯಾಗ ಸೋರಿಕಿ ಹಿಡಿಯೂ ಗುರುತು ಬ್ಯಾರೆ. ಬ್ಯಾಸಗ್ಯಾಗ ಎರಿ ಅಂಗೈ ಹಿಡಿಸೂವಷ್ಟು ಬಿರುಕು ಬಿಟ್ಟಿರತೈತಿ. ಕೊಳವಿ ಸೋರಾಕ ಹತ್ತಿದ್ರ ಕೊಳವಿ ಹಾದಿಗುಂಟ ಬಿರುಕೆಲ್ಲ ಬಾಯಿ ಮುಚ್ಕೊಂಡು ಒಂದ ಗೆರಿ ಕಾಣತೈತಿ, ಎರಡೂ ಕಡಿ ಬಿರುಕು ಹಂಗ ಇರತಾವ. ಆಮ್ಯಾಲ ಆ ಗೆರಿ ಉಬ್ಬತೈತಿ, ಆಮ್ಯಾಲ ಕುಸೀತೈತಿ. ಸಿಡಿಯೂದಕ್ಕಿಂತ ಇದು ಭಯ ಹುಟ್ಟಿಸೂ ಚಿತ್ರ, ಬೇಕಾದ್ರ ತಗೋರಿ.

ಕೊಳವಿಯೊಳಗ ಸತ್ತವರ ಮಾತು ಅಂತೀರಿ. ತುಂಬಿ ಹರಿಯೂ ಕೊಳವಿಯೊಳಗ ಗಾಳಿ ಇಲ್ಲ, ಮಾತು ಹಾಯೂದಿಲ್ಲ. ಬಡಿದ ಸಪ್ಪಳ ಅಷ್ಟ ಹಾಯತೈತಿ. ಮಾತಿಗೆ ಸುರಂಗ ಬೇಕು. ಪಶ್ಚಿಮಕ್ಕ ತೊರವಿ ಕಡಿಯಿಂದ ಬರೂ ಸುರಂಗ ಬಾವಡಿ ನೋಡ್ರಿ, ಬೀದರದಾಗ ಕರೇಜ್ ಅಂತಾರಲ್ಲ ಅದ ಜಾತಿ. ನೆಲದೊಳಗ ಮನಷ್ಯಾ ಹೊಕ್ಕು ನಡಿಯೂ ಕಾಲುವಿ, ಅರ್ಧ ನೀರು, ಅರ್ಧ ಗಾಳಿ. ಮ್ಯಾಲಿಂದ ನಡುನಡುವ ಬಾವಿಯಂಗ ತೂತು. ಅಗಿಯೂ ಮುಂದ ಮಣ್ಣು ಮ್ಯಾಲೆತ್ತಾಕ, ಒಳಗಿನವ್ರಿಗೆ ಗಾಳಿ-ಬೆಳಕಿಗೆ, ಆಮ್ಯಾಲ ಹೂಳು ತಗ್ಯಾಕ ಅದ ತೂತು. ಇಳಿಜಾರು ಹೆಚ್ಚಾದ್ರ ನೀರು ತಳ ಕೊರೀತೈತಿ, ಕಡಿಮಿ ಆದ್ರ ಹೂಳು ಕೂಡತೈತಿ. ಒಂದ ತೂತಿನಾಗ ಮಾತಾಡಿದ್ರ ಮುಂದಿನದ್ರಾಗ ಕೇಳತೈತಿ. ನಿಮ್ಮ ಹುಡುಗಿ ಕಿವಿ ಇಡಬೇಕಾದ್ದು ಅಲ್ಲಿ.

ಇಸವಿ:

ಮೇಲಿನ ಉತ್ತರ ಸರಿಯಾಗಿದೆ, ಆದರೆ ಅದರಿಂದಲೇ ಒಂದು ತೊಡಕು ಎದ್ದಿದೆ. ಎರಡನೇ ಇಬ್ರಾಹಿಂ ಆಳಿದ್ದು 1580ರಿಂದ 1627. ಬೇಗಂ ತಲಾಬ್ ಕಟ್ಟಿಸಿದ್ದು ಅವನ ಮಗ ಮುಹಮ್ಮದ್, 1651ರಲ್ಲಿ. ಗೋಳಗುಮ್ಮಟವೂ ಮುಹಮ್ಮದನದೇ ಸಮಾಧಿ, ಕೆಲಸ ಅವನ ಕಾಲವಿಡೀ ನಡೆದು 1656ರಲ್ಲಿ ಅವನು ತೀರಿಕೊಂಡಾಗ ನಿಂತಿತು. ಅಂದರೆ ನಿಮ್ಮ ಕಥೆಯ ಎರಡು ದೊಡ್ಡ ಕಂಬಗಳು, ಗಂಜು ಮತ್ತು ಗುಮ್ಮಟ, ನಿಮ್ಮ ಸುಲ್ತಾನ ಕಣ್ಣಾರೆ ನೋಡದವು. ಮುಲ್ಕ್-ಎ-ಮೈದಾನ್ ತೋಪು ಕಥೆಯಲ್ಲಿದ್ದರೆ ಅದೂ ಇದೇ ಗುಂಪಿಗೆ: ಎರಕ ಹೊಯ್ದದ್ದು 1549ರಲ್ಲಿ ಅಹ್ಮದನಗರದಲ್ಲಿ, ವಿಜಯಪುರಕ್ಕೆ ಬಂದದ್ದು 1632ರಲ್ಲಿ. ಅದು ಕಬ್ಬಿಣವಲ್ಲ, ಕಂಚಿನ ಜಾತಿಯ ಎರಕ. ತೂಕ ಸುಮಾರು 55 ಟನ್. ‘ಕಬ್ಬಿಣದ ತೋಪು’ ಎಂದು ಬರೆದರೆ ಓದಿದವರು ಮೊದಲು ಹಿಡಿಯುವ ತಪ್ಪು ಅದು.

ಕಾದಂಬರಿಗೆ ಇದು ತಪ್ಪೇ ಅಲ್ಲ. ಒಂಬತ್ತೂರಿನಲ್ಲಿ ನೀವು ಹೇಳಿದ್ದೇ ಇಸವಿ. ಕೈಪಿಡಿಯಲ್ಲಿ ಮಾತ್ರ ಮುಚ್ಚಿಡಬೇಡಿ. ‘ಅಪ್ಪನ ಸಂಗೀತ, ಮಗನ ಗುಮ್ಮಟ, ಒಂದೇ ಆಳ್ವಿಕೆಗೆ ಮಡಚಿದೆ’ ಎಂದು ಮೊದಲ ಪುಟದಲ್ಲೇ ಒಂದು ಸಾಲು ಬರೆದುಬಿಟ್ಟರೆ ಮುಂದಿನ 47 ಪುಟ ನಿರಾಳ.

ಇಬ್ರಾಹಿಂನ ಕಾಲದ್ದೇ ಬೇಕೆಂದರೆ ಸಾಮಾನು ಕಡಿಮೆ ಇಲ್ಲ. ಚಾಂದ್ ಬಾವಡಿ ಎಂಬ ಹೊಂಡ ಅವನಿಗಿಂತ ತುಸು ಮುಂಚಿನದು, 1579. ತಾಜ್ ಬಾವಡಿ 1620, ಅವನ ರಾಣಿ ತಾಜ್ ಸುಲ್ತಾನಾಳ ಹೆಸರಿನದು, ಸುಮಾರು 223 ಅಡಿ ಚೌಕದ ಹೊಂಡ. ಆಗ್ರಾದ ತಾಜಿಗೂ ಇದಕ್ಕೂ ಸಂಬಂಧವಿಲ್ಲ, ಈ ಮಾತನ್ನು ಒಂದು ಸಾಲಿನಲ್ಲಿ ಹೇಳಿಬಿಡಿ. ಅವನ ಸಮಾಧಿ ಇಬ್ರಾಹಿಂ ರೋಜಾ. ಉಪಲಿ ಬುರುಜು 1584ರದು, 80 ಅಡಿ ಎತ್ತರ, ಹೊರಮೈಗೆ ಸುತ್ತಿಕೊಂಡು ಹತ್ತುವ ಮೆಟ್ಟಿಲು, ಮೇಲೆ 30 ಅಡಿ ಮೀರಿದ ಉದ್ದದ ತೋಪು.

ಒಂಬತ್ತರ ವಿಷಯಕ್ಕೆ ಬಂದರೆ ನಿಮ್ಮ ಕಲ್ಪನೆಗಿಂತ ಚರಿತ್ರೆಯೇ ಮುಂದಿದೆ. ಪಟ್ಟಕ್ಕೆ ಬಂದಾಗ ಅವನ ವಯಸ್ಸು ಒಂಬತ್ತರ ಆಸುಪಾಸು. ‘ಕಿತಾಬ್-ಎ-ನವರಸ್’ ಎಂದು ಹಾಡುಗಳ ಪುಸ್ತಕ ಬರೆದ. ಭಾಷೆ ದಖ್ಖನಿ, ಹಾಡುಗಳಿಗೆ ರಾಗದ ಹೆಸರು, ಸರಸ್ವತಿ-ಗಣಪತಿಯರ ಸ್ತುತಿ. ನವರಸ ಎಂದರೆ ನಮಗೆ ಒಂಬತ್ತು ರಸ, ಫಾರಸಿ ಕಿವಿಗೆ ‘ಹೊಸದಾಗಿ ಬಂದದ್ದು’ ಎಂಬ ಅರ್ಥವೂ ಸೇರುತ್ತದೆ. 1599ರಲ್ಲಿ ತೊರವಿಯ ಬಳಿ ನವರಸಪುರ ಎಂಬ ಹೊಸ ಊರಿಗೇ ಕೈ ಹಾಕಿದ. 1624ರಲ್ಲಿ ಅಹ್ಮದನಗರದ ದಳಪತಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ತಂಬೂರಿಗೆ ಮೋತಿಖಾನ್ ಎಂದೂ ಆನೆಗೆ ಆತಶ್‌ಖಾನ್ ಎಂದೂ ಹೆಸರಿಟ್ಟಿದ್ದ. ಜನ ಅವನನ್ನು ಜಗದ್ಗುರು ಬಾದಶಹಾ ಎಂದರು. ನನಗೆ ಕೇಳಿದರೆ ಕಥೆಯ ಸತ್ತವರ ಊರನ್ನು ಪೂರ್ತಿಯಾಗದ ನವರಸಪುರದ ಮೇಲೆ ನಿಲ್ಲಿಸಬೇಕಿತ್ತು. ಈಗ ತಡವಾಗಿರಬಹುದು.

ಗೈಡುಗಳ ಕಥೆ ಖಂಡಿತ ಹಾಕಿ, ಆದರೆ ಗುರುತು ಹಚ್ಚಿ ಹಾಕಿ. ಪುಟದ ಅಂಚಿನಲ್ಲಿ ಮೂರು ಗುರುತು ಸಾಕು: ಊರಲ್ಲಿ ಇರುವುದಕ್ಕೆ ತುಂಬಿದ ಚುಕ್ಕೆ, ಕಥೆಗೆ ಕಟ್ಟಿದ್ದಕ್ಕೆ ಖಾಲಿ ಸೊನ್ನೆ, ಜನರ ಬಾಯಲ್ಲಿರುವುದಕ್ಕೆ ಒಂದು ಹೂವು. ಉದಾಹರಣೆಗೆ ಸಾಠ್ ಕಬರ್. ಸಾಠ್ ಎಂದರೆ ಅರವತ್ತು. ‘ಸಾತ್’ ಎಂದು ಕೇಳಿಸಿಕೊಂಡು ‘ಏಳು ಗೋರಿ’ ಎಂದು ಬರೆಯುವವರು ಬಹಳ. ಸಾಲುಸಾಲಾಗಿ ಒಂದೇ ಅಚ್ಚಿನ ಗೋರಿಗಳಿರುವುದು ತುಂಬಿದ ಚುಕ್ಕೆ. 1659ರಲ್ಲಿ ಶಿವಾಜಿಯ ಮೇಲೆ ಹೊರಡುವ ಮುನ್ನ ಅಫ್ಜಲ್ ಖಾನ್ 63 ಹೆಂಡಿರನ್ನು ಬಾವಿಗೆ ನೂಕಿದ ಎಂಬುದು ಹೂವು. ತೋಪಿನ ಬತ್ತಿ ಹಚ್ಚಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದ ಎಂಬುದೂ ಹೂವೇ, ತೊಟ್ಟಿ ಇರುವುದು ಮಾತ್ರ ಚುಕ್ಕೆ. ಒಂದೇ ವಾಕ್ಯದಲ್ಲಿ ಎರಡು ಗುರುತು ಬರಬೇಕಾದರೆ ವಾಕ್ಯವನ್ನೇ ಎರಡು ಮಾಡಿ.

ನಾಣ್ಯ ಬೇಗ ಮುಗಿಸುತ್ತೇನೆ. ಚಿನ್ನದ್ದು ಹೊನ್ನು, ಅಂದರೆ ದಾಖಲೆಗಳ ಹುನ್. ಕಥೆಗೆ ಚೆಂದ ಕಾಣುವುದು ಲಾರಿ: ಬೆಳ್ಳಿ ತಂತಿಯನ್ನು ತಲೆಪಿನ್ನಿನ ಹಾಗೆ ಮಡಚಿ ಎರಡೂ ಕಾಲಿನ ಮೇಲೆ ಅಚ್ಚು ಒತ್ತಿದ್ದು. ಕೊಂಕಣದ ಬಂದರುಗಳ ವ್ಯಾಪಾರದ ಹಣ. ಈಗ ಸಿಗುವವುಗಳ ಮೇಲೆ ಎರಡನೇ ಅಲಿ ಆದಿಲ್‌ಶಹನ ಹೆಸರಿದೆ, ಅವನು 1656ರ ನಂತರದವನು. ಅಚ್ಚು ತಂತಿಗಿಂತ ದೊಡ್ಡದಾದ್ದರಿಂದ ಒಂದೊಂದು ಲಾರಿಯ ಮೇಲೆ ಬರಹದ ಒಂದು ತುಣುಕು ಮಾತ್ರ ಬೀಳುತ್ತದೆ. ಚಿತ್ರ ಬರೆಯುವವರಿಗೆ ಇದನ್ನು ಹೇಳದಿದ್ದರೆ ಪೂರ್ತಿ ಬರಹ ಕೂರಿಸಿಬಿಡುತ್ತಾರೆ.

ಪುಟಗಟ್ಟು:

ಗಂಜಿನ ಪ್ರಸಂಗ ತಿದ್ದಬಹುದು, ಆ ಪುಟಗಳು ಇನ್ನೂ ಕೈಯಲ್ಲಿವೆ. ಮುಚ್ಚುವುದಕ್ಕೆ ಏನು ಸಾಧನ ಬಳಸಬಹುದು? ನವರಸಪುರದ ಸಲಹೆಗೆ ಈಗ ಜಾಗವಿಲ್ಲ, ಕೈಪಿಡಿಯಲ್ಲಿ ಒಂದು ಪುಟ ಕೊಡಬಹುದು. ನಕಾಶೆ ಮತ್ತು ಗುಮ್ಮಟದ ಬಗ್ಗೆ ಯಾರಾದರೂ?

ಬಾವಡಿಕಟ್ಟಿ:

ಕಟಗೀ ಬಿರಡಿ, ಅದಕ್ಕ ಹಸಿ ಚಕ್ಕಳ ಸುತ್ತಿರಬೇಕು. ನೀರಿನ ಸೆಳವಿನ ಎದುರಿಗೆ ತಳ್ಳಿದ್ರ ಹೊರಗ ಚಿಮ್ಮತೈತಿ. ಅದಕ್ಕ ಗಂಜಿನ ಒಳಗಿಂದ ತಳ್ಳಿ ಹಿಂದ ಒಂದು ಕಲ್ಲು ಆನಿಸಬೇಕು. ಒಬ್ಬಾಕಿ ಕೈಲೇ ಆಗೂ ಕೆಲಸ ಅಲ್ರಿ ಅದು, ಇಬ್ಬರನ್ನ ಇಡ್ರಿ.

ಅಗಸಿಬಾಗಿಲು:

ನಕಾಶೆ. ಮೊದಲು ಕಲ್ಲು ಬದಲಿಸಿ. ಬೆಣಚುಕಲ್ಲು ಹಂಪಿಯ ಕಡೆಯದು. ವಿಜಯಪುರ ದಖ್ಖನ್ ಕರಿಕಲ್ಲಿನ ನೆಲ, ಕೋಟೆ-ಕಟ್ಟಡವೆಲ್ಲ ಕಂದುಗಪ್ಪು ಬಸಾಲ್ಟ್ ಮತ್ತು ಗಚ್ಚು. ಗೋಳಗುಮ್ಮಟದ ಗೋಡೆ ಕಲ್ಲಿನದಾದರೂ ಮೇಲಿನ ಗುಮ್ಮಟ ಇಟ್ಟಿಗೆ-ಸುಣ್ಣದ್ದು. ಕಲ್ಲು ತಪ್ಪಿದರೆ ಬಣ್ಣ ತಪ್ಪುತ್ತದೆ, ಬಣ್ಣ ತಪ್ಪಿದರೆ ಮುಖಪುಟವೂ ತಪ್ಪುತ್ತದೆ.

ಐದು ಅಗಸಿ ಸರಿ: ಪಶ್ಚಿಮಕ್ಕೆ ಮಕ್ಕಾ, ವಾಯವ್ಯಕ್ಕೆ ಶಾಹಪುರ, ಉತ್ತರಕ್ಕೆ ಬಹಮನಿ, ಪೂರ್ವಕ್ಕೆ ಅಲ್ಲಾಪುರ, ದಕ್ಷಿಣಕ್ಕೆ ಫತೇಹ್. ಈ ಕೊನೆಯದು ಮೊದಲು ಮಂಗೋಳಿ ಬಾಗಿಲು. 1686ರಲ್ಲಿ ಔರಂಗಜೇಬ ಊರು ಗೆದ್ದು ಅದರೊಳಗೆ ಬಂದ ಮೇಲೆ ಫತೇಹ್, ಅಂದರೆ ಗೆಲುವು. ನಿಮ್ಮ ಕಥೆ ಅದಕ್ಕೆ ಮುಂಚಿನದಾದ್ದರಿಂದ ಕೈಪಿಡಿಯ ನಕಾಶೆಯಲ್ಲಿ ‘ಫತೇಹ್’ ಎಂದು ಬರೆಯಬೇಡಿ. ನಡುವೆ ಅರಕಿಲ್ಲಾ, ಒಳಕೋಟೆ, ಬಹುತೇಕ ದುಂಡಗೆ. ಗೋಳಗುಮ್ಮಟ ಪೂರ್ವದ ಗೋಡೆಯೊಳಗೆ, ತಾಜ್ ಬಾವಡಿ ಮಕ್ಕಾ ಅಗಸಿಯ ಒಳಮಗ್ಗುಲಲ್ಲಿ, ಇಬ್ರಾಹಿಂ ರೋಜಾ ಅದೇ ಅಗಸಿಯ ಹೊರಗೆ. ಮುಲ್ಕ್-ಎ-ಮೈದಾನ್ ತೋಪಿನ ಶರ್ಜಾ ಬುರುಜು ಪಶ್ಚಿಮದ ಗೋಡೆಯ ಮೇಲೆ.

ಅಳತೆ: ಗೋಡೆಯ ಸುತ್ತು ಸುಮಾರು 10 ಕಿ.ಮೀ., ಹುಡೇವು (ಬುರುಜು) 96. ಭಾಗಿಸಿದರೆ ಹುಡೇವಿನಿಂದ ಹುಡೇವಿಗೆ ಸರಾಸರಿ 104 ಮೀಟರ್, ಅಂದರೆ ಕೂಗಿದರೆ ಕೇಳುವ ದೂರ. ಕಾವಲಿನವರು ಕೂಗಿನ ಮೇಲೆ ಸುದ್ದಿ ದಾಟಿಸುವ ದೃಶ್ಯವಿದ್ದರೆ ಲೆಕ್ಕ ಕೂಡುತ್ತದೆ. ಊರನ್ನು ದುಂಡಗೆ ಅಂದುಕೊಂಡರೆ ಅಡ್ಡಗಲ 3.2 ಕಿ.ಮೀ. ತಾಸಿಗೆ ನಾಲ್ಕು ಕಿ.ಮೀ. ನಡಿಗೆಗೆ 48 ನಿಮಿಷ, ಸರಿಯಾಗಿ ಎರಡು ಗಳಿಗೆ. ಇದನ್ನೇ ನಕಾಶೆಯ ಅಳತೆಪಟ್ಟಿಯಾಗಿ ಹಾಕಿ, ‘ಒಂದು ಗಳಿಗೆ ನಡಿಗೆ’ ಎಂದು. ಕಿಲೋಮೀಟರ್ ಬೇಡ. ಆಮೇಲೆ ಕಥೆಯಲ್ಲಿ ಯಾರು ಎಷ್ಟು ಹೊತ್ತಿಗೆ ಎಲ್ಲಿಗೆ ಮುಟ್ಟಿದರು ಎಂದು ಪ್ರತಿ ಅಧ್ಯಾಯಕ್ಕೂ ಅಳೆದು ನೋಡಿ. ತಪ್ಪು ಸಿಕ್ಕರೆ ನಕಾಶೆಯನ್ನು ಎಳೆದಾಡಬೇಡಿ, ವಾಕ್ಯ ತಿದ್ದಿ.

ಊರನ್ನು ಕಲ್ಪಿತ ಮಾಡಬೇಕೆಂದು ನಕಾಶೆಯನ್ನು ಕನ್ನಡಿಯಂತೆ ಮಗುಚುವುದು ಸುಲಭದ ಉಪಾಯ, ಬಹಳ ಜನ ಮಾಡುತ್ತಾರೆ. ಮಗುಚಿದರೆ ಗುಮ್ಮಟ ಪಶ್ಚಿಮಕ್ಕೆ ಹೋಗುತ್ತದೆ. ಆಗ ಬೆಳಗಿನ ಸೂರ್ಯ ಅದರ ಹಿಂದಿನಿಂದ ಏಳುವಂತಿಲ್ಲ. ಮಸೀದಿಗಳ ಮಿಹ್ರಾಬು ಮಾತ್ರ ಪಶ್ಚಿಮಕ್ಕೇ ಉಳಿಯಬೇಕು, ಅವನ್ನು ಮಗುಚುವಂತಿಲ್ಲ. ಮಗುಚುವ ಬದಲು ಎರಡು ಓಣಿ ಸೇರಿಸಿ, ಒಂದು ಅಗಸಿ ಕಿತ್ತುಹಾಕಿ. ಅಷ್ಟಕ್ಕೇ ಊರು ಬೇರೆಯಾಗುತ್ತದೆ.

ಆಧಾರಕ್ಕೆ ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆಯಬೇಡಿ, ಹಕ್ಕು ಕಂಪನಿಯದು. ಹೆನ್ರಿ ಕಸೆನ್ಸ್ 1916ರಲ್ಲಿ ಸರ್ಕಾರದ ಪುರಾತತ್ವ ಇಲಾಖೆಗಾಗಿ ತಂದ ವಿಜಯಪುರದ ಗ್ರಂಥದಲ್ಲಿ ಅಳತೆಯ ನಕ್ಷೆಗಳಿವೆ. ಸರ್ಕಾರಿ ಪ್ರಕಟಣೆಯ ಹಕ್ಕು ಇಲ್ಲಿ 60 ವರ್ಷ, ಅದು ಯಾವತ್ತೋ ಮುಗಿದಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿದರೆ ನಕಾಶೆಯ ಕೆಳಗೆ ಅದರ ಹೆಸರು ಹಾಕಲೇಬೇಕು. ರೈಲು ಹಳಿ, ಹೊಸ ಬಡಾವಣೆ ತೆಗೆಯುವಾಗ ಬೇಗಂ ತಲಾಬ್ ಅಳಿಸಿಹೋಗದಂತೆ ನೋಡಿಕೊಳ್ಳಿ. ಅದು ಗೋಡೆಯ ಹೊರಗಿರುವುದರಿಂದ ಚೌಕಟ್ಟು ಬಿಗಿ ಮಾಡಿದಾಗ ಮೊದಲು ಕತ್ತರಿಗೆ ಸಿಗುವುದೇ ಅದು.

ಮಾರ್ದನಿ:

ಗುಮ್ಮಟದ ಸದ್ದಿನ ಬಗ್ಗೆ ಎರಡು ಬೇರೆ ಸಂಗತಿಗಳನ್ನು ಎಲ್ಲರೂ ಒಂದಾಗಿ ಬರೆಯುತ್ತಾರೆ.

ಒಂದು ಪಿಸುಮಾತು. ಗುಮ್ಮಟದ ಬುಡದಲ್ಲಿ ಒಳಸುತ್ತಿಗೆ ಸುಮಾರು 3.25 ಮೀಟರ್ ಅಗಲದ ಮೊಗಸಾಲೆ ಇದೆ, ನೆಲದಿಂದ ಸುಮಾರು 33 ಮೀಟರ್ ಮೇಲೆ. ನಾಲ್ಕು ಮೂಲೆಯ ಏಳಂತಸ್ತಿನ ಮಿನಾರುಗಳೊಳಗೆ ಮೆಟ್ಟಿಲು. ಅಲ್ಲಿ ಗೋಡೆಗೆ ಬಾಯಿ ಕೊಟ್ಟು ಪಿಸುಗುಟ್ಟಿದರೆ ಸದ್ದು ಗೋಡೆಯ ಬಾಗನ್ನೇ ಹಿಡಿದು ಜಾರುತ್ತದೆ. ಎದುರು ಬದಿಯವರು ಗೋಡೆಗೆ ಕಿವಿ ಕೊಟ್ಟರೆ ಕೇಳುತ್ತದೆ. ಒಳವ್ಯಾಸ ಸುಮಾರು 38 ಮೀಟರ್, ಅರ್ಧ ಸುತ್ತು 60 ಮೀಟರ್, ಮುಟ್ಟಲು ಸೆಕೆಂಡಿನ ಆರನೇ ಒಂದು ಭಾಗ. ಗೋಡೆ ಬಿಟ್ಟು ಒಂದು ಮಾರು ಈಚೆ ನಿಂತು ಪಿಸುಗುಟ್ಟಿದರೆ ಏನೂ ಇಲ್ಲ. ನಿಮ್ಮ ಹುಡುಗಿ ನೆಲದ ನಡುವೆ ನಿಂತು ಪಿಸುಗುಟ್ಟುವ ಹಾಗಿದ್ದರೆ ಅವಳನ್ನು ಮೇಲೆ ಹತ್ತಿಸಿ.

ಇನ್ನೊಂದು ಮಾರ್ದನಿ. ಚಪ್ಪಾಳೆ ಹೊಡೆದರೆ ಏಳು ಸಲ, ಹತ್ತು ಸಲ ಎನ್ನುತ್ತಾರೆ. ಎಣಿಕೆ ಆ ಹೊತ್ತಿನ ನಿಶ್ಶಬ್ದದ ಮೇಲೆ ನಿಂತಿದೆ. ಶಾಲಾ ಪ್ರವಾಸದ ಮಕ್ಕಳು ಒಳಗಿದ್ದರೆ ಎರಡೂ ಸಿಗುವುದಿಲ್ಲ. ಸದ್ದು ಅಡ್ಡ ಹೋಗಿ ಬರಲು 76 ಮೀಟರ್, ಸುಮಾರು 0.22 ಸೆಕೆಂಡ್. ಹತ್ತು ಸಲಕ್ಕೆ ಎರಡು ಸೆಕೆಂಡಿನ ಮೇಲೆ ತುಸು.

ಇದರಿಂದ ಬರೆಯುವವರಿಗೆ ಬೇಕಾದ ಮಾತು ಹುಟ್ಟುತ್ತದೆ. ಆಡುಗನ್ನಡದಲ್ಲಿ ಸೆಕೆಂಡಿಗೆ ಐದಾರು ಅಕ್ಷರ ಹೊರಡುತ್ತವೆ ಎಂದರೆ 0.22 ಸೆಕೆಂಡಿಗೆ ಒಂದೇ ಅಕ್ಷರ. ಎರಡನೇ ಅಕ್ಷರ ಬಾಯಲ್ಲಿರುವಾಗಲೇ ಮೊದಲನೆಯದು ವಾಪಸ್ ಬಂದು ಅದರ ಮೇಲೆ ಬೀಳುತ್ತದೆ. ‘ನನ್ನನ್ನು ಇಲ್ಲಿಂದ ಬಿಡಿಸು’ ಎಂದು ಸತ್ತವರು ಗುಮ್ಮಟದಡಿ ಹೇಳಿದರೆ ಕೇಳುವುದು ಬರೀ ಗೊಂಯ್ ಎಂಬ ಗದ್ದಲ. ‘ಬಾ’ ಎಂದರೆ ಸ್ಪಷ್ಟ. ಅಲ್ಲಿಯ ಸತ್ತವರಿಗೆ ಒಂದಕ್ಷರದ ಮಾತು ಕೊಡಿ: ಬಾ, ಹೂ, ಓ. ನಡುವೆ ಮೂರು ಸೆಕೆಂಡ್ ಬಿಡುವು. ಉದ್ದ ಮಾತೆಲ್ಲ ಸುರಂಗದಲ್ಲಿ ಮುಗಿಯಲಿ. ನಾಯಕಿಯ ಹೆಸರು ನಾಲ್ಕಕ್ಷರದ್ದಾಗಿದ್ದರೆ ಅದನ್ನೂ ಗುಮ್ಮಟ ನುಂಗುತ್ತದೆ, ಯೋಚಿಸಿ.

ಕೈಪಿಡಿಯಲ್ಲಿ ಗುಮ್ಮಟ ನಿಂತ ಬಗೆಗೆ ಅಡ್ಡಸೀಳಿನ ಚಿತ್ರ ಒಂದು ಹಾಕಿ, ಮಾತು ಬೇಡ. ಕೆಳಗೆ ಸುಮಾರು 41 ಮೀಟರ್‌ನ ಚೌಕ ಕೋಣೆ. ಮೇಲೆ ಹೋದಂತೆ ಒಂದರ ಮೇಲೊಂದು ಓರೆಯಾಗಿ ಕೂರಿಸಿದ ಎರಡು ಚೌಕಗಳ ಹಾಗೆ ಕಮಾನುಗಳು ಒಂದನ್ನೊಂದು ಕತ್ತರಿಸಿ, ಚೌಕ ಎಂಟುಮೂಲೆಯಾಗಿ, ಎಂಟುಮೂಲೆ ದುಂಡಾಗುತ್ತದೆ. ಒಳಗೆ ಚಾಚಿದ ಆ ಕಮಾನುಗಳ ಭಾರ ಗುಮ್ಮಟದ ಹೊರತಳ್ಳಿಕೆಗೆ ಎದುರು ನಿಲ್ಲುತ್ತದೆ. ಕೋಣೆಯ ನಡುವೆ ಕಂಬವಿಲ್ಲ. ಚಿತ್ರಕಾರರು ಕಂಬ ಸೇರಿಸದಂತೆ ಕಾಯಿರಿ.

ಅಚ್ಚುಮೊಳೆ:

ನಾಲ್ಕನೇ ಪ್ರಶ್ನೆಗೆ. ಕೈಪಿಡಿ ಬೇರೆ ಪುಸ್ತಕವೋ, ಕಾದಂಬರಿಯ ಹಿಂದೆ ಸೇರಿದ್ದೋ ಎಂಬುದರ ಮೇಲೆ ಉತ್ತರ. ಸೇರಿಸಿದರೆ 112 ಮತ್ತು 48 ಕೂಡಿ 160 ಪುಟ, 16 ಪುಟದ ಹತ್ತು ಫಾರಂ, ಒಂದು ಪುಟವೂ ಪೋಲಿಲ್ಲ. ಆದರೆ ಬೆನ್ನಿಗೆ ಗೋಂದು ಹಾಕಿ ಕಟ್ಟುವುದರಿಂದ ನಕಾಶೆಯ ನಡುಭಾಗ ನುಂಗಿಹೋಗುತ್ತದೆ. ಆಗ ನಡುವೆ ಎರಡೂ ಪುಟದಲ್ಲಿ 8 ಮಿ.ಮೀ. ಬರಿದಾಗಿ ಬಿಟ್ಟು, ಅರಕಿಲ್ಲಾ ಎಡಪುಟಕ್ಕೆ ಪೂರ್ತಿ ಬರುವಂತೆ ನಕಾಶೆ ಸರಿಸಿ. ಊರಿನ ನಡುವೆ ಇರುವುದೇ ಅರಕಿಲ್ಲಾ, ಹಾಗೇ ಬಿಟ್ಟರೆ ಗೋಂದಿನೊಳಗೆ ಹೋಗುವುದೂ ಅದೇ.

ಬೇರೆ ಪುಸ್ತಕವಾದರೆ ನಡುವೆ ಪಿನ್ನು ಹೊಡೆಸಿ. 48 ಪುಟ ಎಂದರೆ ಮಡಚಿದ 12 ಹಾಳೆ, 24 ಮತ್ತು 25ನೇ ಪುಟ ಒಂದೇ ಹಾಳೆಯ ಒಂದೇ ಮೈಯ ಎಡ-ಬಲ ಅರ್ಧ. ನಕಾಶೆ ಅಲ್ಲೇ ಹಾಕಿ, ನಡುವೆ ಎರಡು ಪಿನ್ನು ಬಿಟ್ಟರೆ ಏನೂ ಹೋಗುವುದಿಲ್ಲ. 80 ಜಿಎಸ್ಎಂ ಕಾಗದದ 12 ಹಾಳೆ ಮಡಚಿದಾಗ ಒಳಗಿನ ಹಾಳೆ ಒಂದು ಮಿ.ಮೀ.ಗಿಂತ ತುಸು ಹೆಚ್ಚು ಹೊರಗೆ ಚಾಚುತ್ತದೆ, ಕತ್ತರಿಸುವಾಗ ಅಷ್ಟು ಹೋಗುತ್ತದೆ. ಅಂಚಿನ ಮೂರು ಗುರುತುಗಳನ್ನು ಕತ್ತರಿಗೆರೆಯಿಂದ ಕನಿಷ್ಠ 6 ಮಿ.ಮೀ. ಒಳಗಿಡಿ, ಇಲ್ಲದಿದ್ದರೆ ನಡುಪುಟಗಳಲ್ಲಿ ಹೂವು ಅರ್ಧ ಹೋಗುತ್ತದೆ. ಗೆರೆಚಿತ್ರ ಸ್ಕ್ಯಾನ್ ಮಾಡುವಾಗ ಛಾಯಾಚಿತ್ರದ 300 ಡಿಪಿಐ ಸಾಲದು, ಅಚ್ಚಾಗುವ ಅಳತೆಯಲ್ಲೇ 1200 ಇರಲಿ. ಕಡಿಮೆಯಾದರೆ ಹುಡೇವುಗಳು ಜೋಳದ ತೆನೆಯ ಹಾಗೆ ಕಾಣುತ್ತವೆ.

ಪದಕೋಶದ ಎರಡು ಗುಂಡಿ. ಮೊದಲನೆಯದು ಅಕಾರಾದಿ. ಸ್ಪ್ರೆಡ್‌ಶೀಟಿನಲ್ಲಿ ಹಾಕಿ ವಿಂಗಡಿಸಿದರೆ ಯೂನಿಕೋಡಿನ ಅಂಕೆಯ ಕ್ರಮ ಬರಬಹುದು. ಅದರಲ್ಲಿ ‘ಳ’ ಇರುವುದು ‘ಲ’ದ ಪಕ್ಕ, ‘ವ’ಕ್ಕಿಂತ ಮುಂಚೆ. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ. ಹಾಗಾಗಿ ‘ಗಳಿಗೆ’ ಬಂದು ‘ಗವಿ’ಗಿಂತ ಮೇಲೆ ಕೂರುತ್ತದೆ. ‘ಳ’ ಇರುವ ಪದಗಳನ್ನೆಲ್ಲ ಕೈಯಲ್ಲೇ ಸರಿಸಿ.

ಎರಡನೆಯದು ಈ ವಿಷಯಕ್ಕೇ ಅಂಟಿದ್ದು. ‘ಆದಿಲ್‌ಶಾಹಿ’, ‘ಆತಶ್‌ಖಾನ್’ ಇಂಥ ಹೆಸರುಗಳಲ್ಲಿ ಅರ್ಧಾಕ್ಷರ ಒತ್ತಾಗದಂತೆ ತಡೆಯುವ ಕಾಣದ ಚಿಹ್ನೆಯೊಂದು ನಡುವೆ ಇರುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಕಡತವನ್ನು ಯೂನಿಕೋಡಿಗೆ ತಿರುಗಿಸುವಾಗ, ಅಥವಾ ಹೆಚ್ಚುವರಿ ಖಾಲಿಜಾಗ ಅಳಿಸುವ ಆಜ್ಞೆ ಕೊಟ್ಟಾಗ ಅದು ಮಾಯವಾಗಿ ‘ಆದಿಲ್ಶಾಹಿ’ ಆಗುತ್ತದೆ. ಕರಡು ತಿದ್ದುವವರ ಕಣ್ಣಿಗೂ ಬೇಗ ಬೀಳುವುದಿಲ್ಲ. ಪುಟ ಕಟ್ಟಿದ ಮೇಲೆ ‘ಲ್ಶ’, ‘ಶ್ಖ’ ಎಂದು ಹುಡುಕಿ, ಸಿಕ್ಕಿದ್ದನ್ನೆಲ್ಲ ತಿದ್ದಿ. ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡದೆ ಕನ್ನಡ ಸುರಿದರೆ ಒತ್ತುಗಳೆಲ್ಲ ಬಿಡಿಬಿಡಿಯಾಗಿ ನಿಲ್ಲುತ್ತವೆ, ಅದನ್ನು ಮೊದಲೇ ನೋಡಿಕೊಳ್ಳಿ.

ಬಾವಡಿಕಟ್ಟಿ:

ಪದಕೋಶದ ಮಾತು ಬಂತಲ್ಲ, ಅದಕ್ಕ ಇನ್ನೊಂದು. ‘ಗಂಜ್’ ಅಂತ ಬರೆದು ‘ನೀರಿನ ಗೋಪುರ’ ಅಂತ ಅರ್ಥ ಕೊಟ್ಟು ಬಿಡಬ್ಯಾಡ್ರಿ. ನಮ್ಮ ಕಡಿ ಓದವ್ರಿಗೆ ಗಂಜ್ ಅಂದ್ರ ಜೋಳ-ಕಡ್ಲಿ ಮಾರೂ ಅಡತಿ ಅಂಗಡಿಗೋಳ ಜಾಗ. ಹುಡುಗಿ ಗಂಜ್ ಹತ್ತಿದ್ಲು ಅಂದ್ರ ಚೀಲದ ಮ್ಯಾಲ ಹತ್ತಿದ್ಲು ಅನ್ಕೋತಾರ. ಎರಡು ನಮೂದು ಮಾಡ್ರಿ, ಕಥಿಯೊಳಗ ಮೊದಲನೇ ಸಲ ಬರೂ ಮುಂದ ‘ನೀರಿನ ಗಂಜ್’ ಅಂತ ಬರೀರಿ.